ನೆರೆಯವರಿಗೆ ತಿಳಿಸುವ ಧರ್ಮ

ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಓಲೆಗರಿಯ ಪ್ರತಿಯೊಂದರ ಆಧಾರದಿಂದ ಪಂಡಿತ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ೧೯೦೯ರಲ್ಲಿ ಪ್ರಕಟಿಸಿದರಷ್ಟೆ. ರಾಜನೀತಿಯ ಗ್ರಂಥವೆಂದು ನಾವು ಎಣಿಸಿರುವ ಅದರಲ್ಲಿ ಊರಿನ ಆಡಳಿತವನ್ನು ನೋಡಿಕೊಳ್ಳುವ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದುಂಟು. ಬೇಸಗೆಯ ಹಗಲಿನಲ್ಲಿ ಒಲೆ ಹೊತ್ತಿಸುವುದಕ್ಕೆ ನಿರ್ಬಂಧ, ಬೀದಿಗಳಲ್ಲಿ ಸಾಲಾಗಿ ಇರಿಸಬೇಕಾದ ನೀರಿನ ಪಾತ್ರೆಗಳು, ಬೆಂಕಿ ಬಿದ್ದಾಗ ಆರಿಸಲು ಓಡಿಬಾರದ ಗೃಹಸ್ಥನಿಗೆ ದಂಡ, ಇವೆಲ್ಲ ಅಲ್ಲಿವೆ. ಬೆಂಕಿಯನ್ನು ನಂಬಿ ಬಾಳುವ ಕಸುಬಿನವರನ್ನು ಒಂದೇ ಕಡೆ ನೆಲೆಗೊಳಿಸಬೇಕೆಂಬ ವಿಧಿಯೂ ಇದೆ. ಒಬ್ಬನ ಕುಲುಮೆಯ ಕಿಡಿ ಇನ್ನೊಬ್ಬನ ಮಾಡಿನ ಮೇಲೆ ಬೀಳಬಹುದಾದ್ದರಿಂದ ಆ ಕುಲುಮೆ ಅವನೊಬ್ಬನ ವ್ಯವಹಾರವಾಗಿ ಉಳಿಯುವುದಿಲ್ಲ; ರಾಜ್ಯ ಅಲ್ಲಿಗೆ ಕಾಲಿಡಲೇಬೇಕು ಎಂಬ ತತ್ತ್ವವನ್ನು ಆ ಪ್ರಾಚೀನ ಶಾಸ್ತ್ರಕಾರ ಕಂಡುಕೊಂಡಿದ್ದ.

ಆದರೆ ಕಮ್ಮಾರನ ಬೆಂಕಿಗೆ ಒಂದು ಗುಣವಿತ್ತು. ಅದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಬೀದಿಯ ಮಗುವಿಗೂ ಅಲ್ಲಿ ಕುಲುಮೆ ಇದೆಯೆಂದು ಗೊತ್ತು; ಬೆಂಕಿಯ ಸ್ವಭಾವವೂ ಗೊತ್ತು. ಅಪಾಯವೂ ಅಪಾಯದ ತಿಳಿವಳಿಕೆಯೂ ಒಂದೇ ಕೇರಿಯಲ್ಲಿ ವಾಸಮಾಡುತ್ತಿದ್ದುವು. ಕೈಗಾರಿಕಾ ಯುಗದ ರಾಸಾಯನಿಕಗಳು ಈ ಸಂಬಂಧವನ್ನು ಕಡಿದುಹಾಕಿದುವು. ಎತ್ತರದ ಗೋಡೆಯ ಹಿಂದೆ, ಬಣ್ಣ ಬಳಿದ ಟ್ಯಾಂಕಿನೊಳಗೆ ಇರುವ ವಸ್ತು ಯಾವುದು, ಎಷ್ಟಿದೆ, ಹೊರಬಂದರೆ ಏನು ಮಾಡುತ್ತದೆ ಎಂಬುದು ಗೋಡೆಯ ಈಚೆ ಮಲಗುವವನಿಗೆ ತಿಳಿಯುವ ಬಗೆಯಿಲ್ಲ. ಅನೇಕ ವೇಳೆ ಅದು ಸರ್ಕಾರಕ್ಕೂ ತಿಳಿದಿರುವುದಿಲ್ಲ. ತಿಳಿದವನ ಬಾಯನ್ನು ಬಿಡಿಸಲು ರಾಜ್ಯಗಳು ಹೇಗೆ ಕಲಿತುಕೊಂಡುವು, ಆ ಪಾಠಕ್ಕೆ ತೆತ್ತ ಬೆಲೆಯೇನು, ಪಾಠ ಪೂರ್ತಿಯಾಗಿದೆಯೆ ಎಂಬುದೇ ಈ ಭಾಷಣದ ವಿಷಯ.

ಮೊದಲಿಗೇ ಒಂದು ಮಾತನ್ನು ಹೇಳಿಬಿಡಬೇಕು. ರಾಸಾಯನಿಕಗಳನ್ನು ಶಪಿಸುವುದು ನನ್ನ ಉದ್ದೇಶವಲ್ಲ. ಊರಿನ ನಲ್ಲಿಯ ನೀರನ್ನು ಶುದ್ಧಮಾಡುವ ಕ್ಲೋರಿನ್, ಹೊಲಕ್ಕೆ ಗೊಬ್ಬರವಾಗುವ ಅಮೋನಿಯ, ಅಡಿಗೆಮನೆಯ ಅನಿಲ ಇವುಗಳಿಲ್ಲದೆ ಇಂದಿನ ಸಂಸಾರ ಸಾಗದು. ಆದರೆ ಅದೇ ಕ್ಲೋರಿನ್ ಅನಿಲವನ್ನು ೧೯೧೫ರಲ್ಲಿ ಬೆಲ್ಜಿಯಂ ದೇಶದ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಅಸ್ತ್ರವಾಗಿ ಬಿಟ್ಟಿತೆಂಬುದನ್ನು ಮರೆಯಬಾರದು. ವಸ್ತು ಒಂದೇ, ಅದು ಎಷ್ಟಿದೆ, ಎಲ್ಲಿದೆ, ಯಾರ ಅಂಕೆಯಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಈ ಬಗೆಯ ಹಳೆಯ ಶಾಸನವೊಂದು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಸಾಬೂನಿಗೂ ಗಾಜಿಗೂ ಬೇಕಾದ ಸೋಡಾವನ್ನು ಅಲ್ಲಿ ಉಪ್ಪಿನಿಂದ ತಯಾರಿಸುತ್ತಿದ್ದರು. ಆ ಕೆಲಸದಲ್ಲಿ ಹೊರಬೀಳುವ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲದ ಅನಿಲವನ್ನು ಚಿಮಣಿಯ ಮೂಲಕ ಗಾಳಿಗೆ ಬಿಟ್ಟುಬಿಡುತ್ತಿದ್ದರು. ಸುತ್ತಣ ಮರಗಳು ಬೋಳಾದುವು, ಬೆಳೆ ಸುಟ್ಟಿತು. ಜಮೀನುದಾರರ ಕೂಗಿಗೆ ಓಗೊಟ್ಟು ೧೮೬೩ರಲ್ಲಿ ಪಾರ್ಲಿಮೆಂಟು ಆಲ್ಕಲಿ ಕಾಯಿದೆಯನ್ನು ಮಾಡಿತು. ಆ ಅನಿಲದ ನೂರಕ್ಕೆ ತೊಂಬತ್ತೈದು ಭಾಗವನ್ನು ಕಾರ್ಖಾನೆಯವರು ಹಿಡಿದು ನಿಲ್ಲಿಸಬೇಕು. ಹಿಡಿದರೋ ಇಲ್ಲವೋ ಎಂದು ಅಳೆದು ನೋಡುವುದಕ್ಕೆ ಸರ್ಕಾರದ ಇನ್ಸ್‌ಪೆಕ್ಟರು ಒಳಗೆ ಹೋಗಬಹುದು. ಮೊದಲ ಇನ್ಸ್‌ಪೆಕ್ಟರಾಗಿ ನೇಮಕಗೊಂಡವನು ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞ. ಆಮ್ಲಮಳೆ ಎಂಬ ಮಾತನ್ನು ಬಳಕೆಗೆ ತಂದವನೂ ಅವನೇ. ಖಾಸಗಿ ಕಾರ್ಖಾನೆಯ ಬಾಗಿಲನ್ನು ವಿಜ್ಞಾನ ಬಲ್ಲ ಸರ್ಕಾರಿ ಅಧಿಕಾರಿಯೊಬ್ಬ ಹಕ್ಕಿನಿಂದ ತಟ್ಟಬಹುದಾದದ್ದು ಸಣ್ಣ ಸಂಗತಿಯಲ್ಲ. ಆದರೂ ಆ ಕಾಯಿದೆಯ ದೃಷ್ಟಿ ಚಿಮಣಿಯ ಮೇಲೆ, ಅಂದರೆ ದಿನದಿನವೂ ಹೊರಬರುವ ಹೊಗೆಯ ಮೇಲೆ ಇತ್ತು. ಒಳಗೆ ಕೂಡಿಟ್ಟದ್ದು ಒಂದು ದಿನ ಒಮ್ಮೆಗೇ ಹೊರಬಂದರೆ ಏನು ಎಂಬ ಪ್ರಶ್ನೆ ಅದಕ್ಕೆ ಹೊಳೆದಿರಲಿಲ್ಲ.

ಆ ಪ್ರಶ್ನೆಯನ್ನು ಎತ್ತಿದ್ದು ಸಿಡಿಮದ್ದು. ೧೮೭೪ನೆಯ ಅಕ್ಟೋಬರ್ ೨ರಂದು ಬೆಳಗಿನ ಜಾವ ಲಂಡನ್ ನಗರದ ರೀಜೆಂಟ್ಸ್ ಕಾಲುವೆಯಲ್ಲಿ ಸರಕಿನ ದೋಣಿಯೊಂದು ಸೇತುವೆಯ ಕೆಳಗೆ ಹಾಯುತ್ತಿದ್ದಾಗ ಸಿಡಿದುಹೋಯಿತು. ಅದರಲ್ಲಿ ಬೇರೆ ಸರಕಿನ ಜತೆಗೆ ಕೋವಿಮದ್ದೂ ಪೆಟ್ರೋಲಿಯಮ್ಮೂ ಇದ್ದುವು. ದೋಣಿಯವರು ಸತ್ತರು, ಸೇತುವೆ ನುಚ್ಚುನೂರಾಯಿತು. ತಮ್ಮ ಮನೆಯ ಹಿತ್ತಲ ಕಾಲುವೆಯಲ್ಲಿ ಇಂಥ ಸರಕು ಹಗಲಿರುಳೂ ಸಾಗುತ್ತದೆಂದು ಆ ಬಡಾವಣೆಯವರಿಗೆ ತಿಳಿದದ್ದು ಆಗಲೇ. ಮರುವರ್ಷವೇ, ೧೮೭೫ರಲ್ಲಿ, ಸ್ಫೋಟಕಗಳ ಕಾಯಿದೆ ಬಂತು. ಪರವಾನಗಿಯಿಲ್ಲದೆ ಮದ್ದನ್ನು ಇಡಕೂಡದು, ಒಂದು ಕಡೆ ಇಷ್ಟಕ್ಕಿಂತ ಹೆಚ್ಚು ಇಡಕೂಡದು, ವಾಸದ ಮನೆಗಳಿಂದ ಇಷ್ಟು ದೂರದಲ್ಲಿರಬೇಕು ಎಂಬ ನಿಬಂಧನೆಗಳು ಬಂದುವು. ಪರಿಮಾಣ ಮತ್ತು ದೂರ, ಈ ಎರಡು ಅಳತೆಗಳ ಮೇಲೆ ಆ ಕಾಯಿದೆ ನಿಂತಿತ್ತು. ಭಾರತದಲ್ಲಿ ಬ್ರಿಟಿಷ್ ಸರ್ಕಾರ ಇದೇ ಬಗೆಯ ಕಾಯಿದೆಯನ್ನು ಮಾಡಿದ್ದು ೧೮೮೪ರಲ್ಲಿ. ಭೋಪಾಲದ ದುರಂತಕ್ಕೆ ಸರಿಯಾಗಿ ನೂರು ವರ್ಷ ಹಿಂದೆ ನಮ್ಮ ದೇಶದ ಶಾಸನ ಗ್ರಂಥದಲ್ಲಿ ಈ ವಿಚಾರ ಬಂದು ಕುಳಿತಿತ್ತೆಂಬುದನ್ನು ನೆನಪಿನಲ್ಲಿಡೋಣ. ಮದ್ದಿಗೆ ಅನ್ವಯಿಸಿದ ಅಳತೆಯನ್ನು ವಿಷಕ್ಕೆ ಅನ್ವಯಿಸುವುದಕ್ಕೆ ನೂರು ವರ್ಷ ಬೇಕಾಯಿತು.

ಎರಡನೆಯ ಮಹಾಯುದ್ಧದ ಅನಂತರ ರಾಸಾಯನಿಕ ಕೈಗಾರಿಕೆ ಬೆಳೆದ ರೀತಿಯನ್ನು ಕಾಯಿದೆಗಳು ಹಿಂಬಾಲಿಸಲಾರದೆ ಹೋದುವು. ಹಿಂದೆ ಪೀಪಾಯಿಗಳಲ್ಲಿದ್ದ ವಸ್ತುಗಳು ಈಗ ನೂರಾರು ಟನ್ನುಗಳ ಲೆಕ್ಕದಲ್ಲಿ, ಹೆಚ್ಚು ಶಾಖದಲ್ಲಿ, ಹೆಚ್ಚು ಒತ್ತಡದಲ್ಲಿ ಹರಿಯತೊಡಗಿದುವು. ಇದರ ಪರಿಣಾಮ ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಎಂಬ ಹಳ್ಳಿಯ ಬಳಿ ೧೯೭೪ನೆಯ ಜೂನ್ ೧ರಂದು ಕಂಡಿತು. ನೈಲಾನಿಗೆ ಬೇಕಾದ ಕಚ್ಚಾವಸ್ತುವನ್ನು ತಯಾರಿಸುತ್ತಿದ್ದ ಆ ಕಾರ್ಖಾನೆಯಲ್ಲಿ ಸಾಲಾಗಿದ್ದ ಆರು ಪಾಕಪಾತ್ರೆಗಳ ಪೈಕಿ ಐದನೆಯದು ಬಿರುಕುಬಿಟ್ಟಿತ್ತು. ಅದನ್ನು ತೆಗೆದುಹಾಕಿ, ನಾಲ್ಕನೆಯದಕ್ಕೂ ಆರನೆಯದಕ್ಕೂ ನಡುವೆ ತಾತ್ಕಾಲಿಕವಾಗಿ ಕೊಳವೆಯೊಂದನ್ನು ಜೋಡಿಸಿದರು. ಆ ಕೊಳವೆಗೆ ಇದ್ದ ನಕ್ಷೆಯೆಂದರೆ ಕಮ್ಮಟದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆಗಳು ಮಾತ್ರ. ಎರಡು ತಿಂಗಳಿಗೆ ಅದು ಹರಿಯಿತು. ಸೈಕ್ಲೋಹೆಕ್ಸೇನ್ ಎಂಬ ದ್ರವ ಆವಿಯ ಮೋಡವಾಗಿ ಹಬ್ಬಿ ಹೊತ್ತಿಕೊಂಡು ೨೮ ಮಂದಿ ಸತ್ತರು. ಅಂದು ಶನಿವಾರವಾದ್ದರಿಂದ ಕಚೇರಿ ಖಾಲಿಯಿತ್ತು. ಇಲ್ಲವಾದರೆ ಸತ್ತವರ ಸಂಖ್ಯೆ ಎಷ್ಟಾಗುತ್ತಿತ್ತೋ!

ಅನಂತರ ನಡೆದ ವಿಚಾರಣೆಯಲ್ಲಿ ಹೊರಬಿದ್ದ ಒಂದು ವಿವರ ನಮ್ಮ ವಿಷಯಕ್ಕೆ ಮುಖ್ಯವಾದದ್ದು. ಆ ಸ್ಥಳದಲ್ಲಿ ಸಂಗ್ರಹಿಸಿಡುವುದಕ್ಕೆ ಸ್ಥಳೀಯ ಅಧಿಕಾರಿಗಳು ಪರವಾನಗಿ ಕೊಟ್ಟಿದ್ದದ್ದು ೭,೦೦೦ ಗ್ಯಾಲನ್ ನ್ಯಾಫ್ತಾ ಮತ್ತು ೧,೫೦೦ ಗ್ಯಾಲನ್ ಪೆಟ್ರೋಲಿಗೆ. ಅಲ್ಲಿ ನಿಜವಾಗಿ ಇದ್ದ ಸೈಕ್ಲೋಹೆಕ್ಸೇನ್ ಒಂದೇ ಸುಮಾರು ೩,೩೦,೦೦೦ ಗ್ಯಾಲನ್. ಹಳ್ಳಿಯವರ ಮಾತಿರಲಿ, ಪರವಾನಗಿ ಕೊಡುವ ಕಚೇರಿಯ ಕಡತಕ್ಕೇ ಇದು ಗೊತ್ತಿರಲಿಲ್ಲ. ಅಪಾಯದ ವಸ್ತುಗಳನ್ನು ಇಷ್ಟಕ್ಕಿಂತ ಮಿಗಿಲಾಗಿ ಇಟ್ಟವರು ತಾವಾಗಿ ಬಂದು ಸರ್ಕಾರಕ್ಕೆ ತಿಳಿಸಬೇಕು ಎಂಬ ನಿಯಮ ಬ್ರಿಟನ್ನಿನಲ್ಲಿ ರೂಪುಗೊಂಡದ್ದು ಈ ಅನುಭವದಿಂದ. ಅದು ೧೯೮೩ರಲ್ಲಿ ಜಾರಿಗೆ ಬಂತು.

ಫ್ಲಿಕ್ಸ್‌ಬರೋ ಕಲಿಸಿದ್ದು ಸರ್ಕಾರಕ್ಕೆ ತಿಳಿಸಬೇಕೆಂಬ ಪಾಠವಾದರೆ, ಜನರಿಗೆ ತಿಳಿಸಬೇಕೆಂಬ ಪಾಠವನ್ನು ಕಲಿಸಿದ್ದು ಇಟಲಿಯ ಸೆವೆಸೊ. ಮಿಲಾನ್ ನಗರದ ಹತ್ತಿರದ ಮೇಡಾ ಎಂಬ ಊರಿನ ಕಾರ್ಖಾನೆಯೊಂದರಿಂದ ೧೯೭೬ನೆಯ ಜುಲೈ ೧೦ರ ಮಧ್ಯಾಹ್ನ ಒಂದು ಮೋಡ ಎದ್ದು ಪಕ್ಕದ ಸೆವೆಸೊ ಊರಿನ ಮೇಲೆ ಇಳಿಯಿತು. ಅದರಲ್ಲಿ ಡಯಾಕ್ಸಿನ್ ಎಂಬ ಅತಿ ತೀಕ್ಷ್ಣವಾದ ವಿಷವಿತ್ತು. ಕಾರ್ಖಾನೆಯವರು ಮೊದಲು ತೋಟದ ತರಕಾರಿ ತಿನ್ನಬೇಡಿರೆಂದು ಹೇಳಿದರೇ ಹೊರತು, ಹೊರಬಿದ್ದದ್ದು ಡಯಾಕ್ಸಿನ್ ಎಂಬುದನ್ನು ಅಧಿಕಾರಿಗಳಿಗೆ ತಿಳಿಸುವ ಹೊತ್ತಿಗೆ ಒಂಬತ್ತು ಹತ್ತು ದಿನ ಕಳೆದಿದ್ದುವು. ಅಷ್ಟರಲ್ಲಿ ಕೋಳಿಗಳು, ಮೊಲಗಳು ಸತ್ತುಬೀಳುತ್ತಿದ್ದುವು. ಮಕ್ಕಳ ಮುಖದ ಮೇಲೆ ಹುಣ್ಣುಗಳೆದ್ದಿದ್ದುವು. ಜನರನ್ನು ಮನೆ ಬಿಡಿಸಿ ಬೇರೆಡೆಗೆ ಸಾಗಿಸಿದ್ದು ಎರಡು ವಾರ ಮೀರಿದ ಮೇಲೆ. ಕಂಪೆನಿಯ ಪ್ರಯೋಗಶಾಲೆಗೆ ತಿಳಿದಿದ್ದ ಒಂದು ಹೆಸರು ತಾಯಂದಿರಿಗೆ ತಿಳಿಯಲು ತಡವಾದ ಆ ದಿನಗಳೇ ಸೆವೆಸೊದ ಕಥೆ. ಅಲ್ಲಿ ತತ್‌ಕ್ಷಣ ಯಾರೂ ಸಾಯಲಿಲ್ಲ. ಆದರೂ ಯೂರೋಪು ನಡುಗಿತು. ೧೯೮೨ರಲ್ಲಿ ಯೂರೋಪಿನ ಆರ್ಥಿಕ ಸಮುದಾಯ ಹೊರಡಿಸಿದ, ಸೆವೆಸೊ ನಿರ್ದೇಶನವೆಂದೇ ಹೆಸರಾದ ಶಾಸನದಲ್ಲಿ ಹಳೆಯ ಎರಡು ಅಳತೆಗಳ ಜತೆಗೆ ಮೂರನೆಯದೊಂದು ಸೇರಿತು. ಅಪಘಾತವಾದರೆ ಬಾಧೆಗೆ ಒಳಗಾಗಬಹುದಾದ ಜನರಿಗೆ, ಅಪಘಾತವಾಗುವುದಕ್ಕೆ ಮೊದಲೇ, ಏನು ಮಾಡಬೇಕೆಂದು ತಿಳಿಸಿರಬೇಕು.

ಇದಾಗಿ ಎರಡು ವರ್ಷಕ್ಕೆ ಭೋಪಾಲ. ಯೂನಿಯನ್ ಕಾರ್ಬೈಡ್ ಕಂಪೆನಿಯ ಕಾರ್ಖಾನೆ ಅಲ್ಲಿ ಸೆವಿನ್ ಎಂಬ ಕೀಟನಾಶಕವನ್ನು ತಯಾರಿಸುತ್ತಿತ್ತು. ಅದಕ್ಕೆ ಬೇಕಾದ ಮಿಥೈಲ್ ಐಸೋಸಯನೇಟ್ ಎಂಬ ದ್ರವವನ್ನು ೧೯೮೦ರಿಂದ ಅಲ್ಲೇ ತಯಾರಿಸಿ ನೆಲದೊಳಗಿನ ದೊಡ್ಡ ಟ್ಯಾಂಕುಗಳಲ್ಲಿ ಕೂಡಿಡುತ್ತಿದ್ದರು. ನಮ್ಮ ಬೇಸಗೆಯ ಬಿಸಿಲಿಗೇ ಕುದಿಯತೊಡಗುವ ವಸ್ತು ಅದು; ನೀರು ಸೋಕಿದರೆ ಉಗ್ರವಾಗಿ ಕೆರಳುತ್ತದೆ. ಅದನ್ನು ತಣ್ಣಗಿಡುವ ಯಂತ್ರವನ್ನು ೧೯೮೪ರ ಜೂನ್‌ನಲ್ಲಿ ನಿಲ್ಲಿಸಿದ್ದರು. ಹೊರಬಿದ್ದ ಅನಿಲವನ್ನು ತೊಳೆಯಬೇಕಾಗಿದ್ದ ಗೋಪುರವೂ ಸುಡಬೇಕಾಗಿದ್ದ ಗೋಪುರವೂ ಆ ರಾತ್ರಿ ಕೆಲಸಕ್ಕೆ ಒದಗಲಿಲ್ಲ. ಡಿಸೆಂಬರ್ ೨ರ ರಾತ್ರಿ ಟ್ಯಾಂಕಿಗೆ ನೀರು ಸೇರಿತು. ಬೆಳಗಾಗುವುದರೊಳಗೆ ಸುಮಾರು ೪೦ ಟನ್ ವಿಷ ಊರಿನ ಮೇಲೆ ಹರಡಿತ್ತು. ಕೆಲವೇ ದಿನಗಳಲ್ಲಿ ಸಾವಿರಾರು ಜನ ಸತ್ತರು. ಸರ್ಕಾರವೇ ಮುಂದೆ ನ್ಯಾಯಾಲಯಕ್ಕೆ ಕೊಟ್ಟ ಲೆಕ್ಕದ ಪ್ರಕಾರ ಬಾಧೆಗೊಳಗಾದವರ ಸಂಖ್ಯೆ ಐದು ಲಕ್ಷಕ್ಕೂ ಹೆಚ್ಚು.

ಯಂತ್ರಗಳ ವೈಫಲ್ಯವನ್ನು ಕುರಿತು ಎಷ್ಟೋ ಗ್ರಂಥಗಳು ಬಂದಿವೆ. ನಾನು ಬೇರೊಂದು ವೈಫಲ್ಯದ ಕಡೆಗೆ ಬೆರಳು ತೋರಲು ಬಯಸುತ್ತೇನೆ. ಹೊರಗಿನ ಜನರನ್ನು ಎಚ್ಚರಿಸುವುದಕ್ಕಾಗಿದ್ದ ಸೈರನ್ನು ಅಂದು ಸ್ವಲ್ಪ ಹೊತ್ತು ಕೂಗಿ ನಿಂತುಹೋಯಿತು. ಮತ್ತೆ ಅದು ಮೊಳಗುವಷ್ಟರಲ್ಲಿ ಅನಿಲ ಕೇರಿಗಳನ್ನು ಹೊಕ್ಕಿತ್ತು. ಕೂಗಿದಾಗಲೂ ಅದರ ಅರ್ಥವೇನೆಂದು ಜನರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಲ್ಲಿಯೋ ಬೆಂಕಿ ಬಿದ್ದಿದೆಯೆಂದು ಕಾರ್ಖಾನೆಯ ಕಡೆಗೇ ಓಡಿದವರಿದ್ದರು. ಗಾಳಿ ಬೀಸುವ ದಿಕ್ಕಿನಲ್ಲೇ ಓಡಿ ಅನಿಲದ ಜತೆಜತೆಗೇ ಸಾಗಿದವರಿದ್ದರು. ಒದ್ದೆಬಟ್ಟೆಯನ್ನು ಮುಖಕ್ಕೆ ಮುಚ್ಚಿಕೊಂಡಿದ್ದರೆ ಎಷ್ಟೋ ಪ್ರಾಣಗಳು ಉಳಿಯುತ್ತಿದ್ದುವೆಂದು ಈ ದುರಂತವನ್ನು ಅಭ್ಯಾಸಮಾಡಿದವರು ಅನಂತರ ಹೇಳಿದರು. ಒಂದು ಬಿಂದಿಗೆ ನೀರು, ಒಂದು ಚೂರು ಬಟ್ಟೆ! ಅತ್ಯಂತ ಬಡವರ ಗುಡಿಸಲಿನಲ್ಲೂ ಅವೆರಡೂ ಇದ್ದುವು. ಇಲ್ಲದ್ದು ಆ ಒಂದು ಸಾಲಿನ ತಿಳಿವಳಿಕೆ. ಆಸ್ಪತ್ರೆಯ ವೈದ್ಯರ ಪಾಡೂ ಹಾಗೆಯೇ. ತಂಡತಂಡವಾಗಿ ಬಂದು ಬೀಳುತ್ತಿದ್ದ ರೋಗಿಗಳು ಉಸಿರಾಡಿದ್ದು ಯಾವ ವಿಷವನ್ನು, ಅದಕ್ಕೆ ಮದ್ದೇನು ಎಂಬುದು ಅವರಿಗೆ ತಿಳಿಯದು.

ಯಾರೂ ಮುಂದಾಗಿ ಹೇಳಿರಲಿಲ್ಲವೆಂದಲ್ಲ. ೧೯೮೧ರ ಡಿಸೆಂಬರಿನಲ್ಲಿ ಅದೇ ಕಾರ್ಖಾನೆಯಲ್ಲಿ ಫಾಸ್‌ಜೀನ್ ಅನಿಲಕ್ಕೆ ಕೆಲಸಗಾರನೊಬ್ಬ ಬಲಿಯಾಗಿದ್ದ. ಇದರಿಂದ ಎಚ್ಚೆತ್ತ ಭೋಪಾಲದ ಪತ್ರಕರ್ತ ರಾಜಕುಮಾರ್ ಕೇಸ್ವಾನಿ ೧೯೮೨ರಲ್ಲಿ ತಮ್ಮ ‘ರಪಟ್’ ಎಂಬ ಪುಟ್ಟ ವಾರಪತ್ರಿಕೆಯಲ್ಲಿ ಊರನ್ನು ಉಳಿಸಿಕೊಳ್ಳಿರೆಂದು ಮೊರೆಯಿಟ್ಟು ಲೇಖನಗಳನ್ನು ಬರೆದರು. ೧೯೮೪ರ ಜೂನ್‌ನಲ್ಲಿ ‘ಜನಸತ್ತಾ’ದಲ್ಲಿ ಮತ್ತೆ ಬರೆದರು. ಸಣ್ಣ ಪತ್ರಿಕೆಯೊಂದರ ಮಾತು ಅಧಿಕಾರದ ಕಿವಿಗೆ ಬೀಳಲಿಲ್ಲ. ಹಾಗೆ ಬಿದ್ದರೂ, ಕಂಪೆನಿಯನ್ನು ಕರೆದು, “ನಿಮ್ಮಲ್ಲಿರುವುದೇನು, ಎಷ್ಟು, ಊರಿಗೆ ಅದನ್ನು ತಿಳಿಸಿದ್ದೀರಾ?” ಎಂದು ಕೇಳುವುದಕ್ಕೆ ತಕ್ಕ ಶಾಸನ ಆಗ ನಮ್ಮಲ್ಲಿರಲಿಲ್ಲ. ೧೯೪೮ರ ಕಾರ್ಖಾನೆ ಕಾಯಿದೆಯ ಕಾಳಜಿ ಮುಖ್ಯವಾಗಿ ಗೋಡೆಯ ಒಳಗಿನ ಕೆಲಸಗಾರನದು. ಗೋಡೆಯ ಹೊರಗೆ ಮಲಗಿದವನು ಆ ಕಾಯಿದೆಯ ಕಣ್ಣಿಗೆ ಕಂಡಿರಲಿಲ್ಲ.

ಭೋಪಾಲದ ಅನಂತರ ನಮ್ಮ ದೇಶ ಐದೇ ವರ್ಷಗಳಲ್ಲಿ ಮಾಡಿದ ಶಾಸನಕಾರ್ಯ ಸಣ್ಣದಲ್ಲವೆಂಬುದನ್ನು ಒಪ್ಪಬೇಕು. ೧೯೮೬ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂತು. ೧೯೮೭ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿಯಾಗಿ, ಅಪಾಯಕರವಾದ ಪ್ರಕ್ರಿಯೆಗಳನ್ನು ನಡೆಸುವವರು ಕೆಲಸಗಾರರಿಗೂ ಇನ್ಸ್‌ಪೆಕ್ಟರಿಗೂ ಸ್ಥಳೀಯ ಸಂಸ್ಥೆಗೂ ಸುತ್ತಮುತ್ತಣ ಜನರಿಗೂ ಆ ಅಪಾಯಗಳನ್ನು ತಿಳಿಸುವುದು ಕಡ್ಡಾಯವಾಯಿತು. ಸನ್ನಿಹಿತವಾದ ಅಪಾಯವನ್ನು ಕಂಡ ಕೆಲಸಗಾರ ಅದನ್ನು ಎತ್ತಿಹೇಳುವುದು ಅವನ ಹಕ್ಕಾಯಿತು. ಆ ಕಾಯಿದೆಯ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆಯ ೨೦೨೦ರ ಸಂಹಿತೆ ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದಿದೆ. ತಿಳಿಸುವ ಬಾಧ್ಯತೆಯನ್ನು ಅದೂ ಉಳಿಸಿಕೊಂಡಿದೆ. ಎಲ್ಲಕ್ಕಿಂತ ಮುಖ್ಯವಾದುದು ೧೯೮೯ನೆಯ ನವೆಂಬರ್ ೨೭ರಂದು ಹೊರಟ, ಅಪಾಯಕರ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದನ್ನು ಕುರಿತ ನಿಯಮಾವಳಿ.

ಈ ನಿಯಮಾವಳಿಯ ರಚನೆಯನ್ನು ಸಾಮಾನ್ಯ ಓದುಗನೂ ಸುಲಭವಾಗಿ ಗ್ರಹಿಸಬಹುದು. ಮೊದಲು ವಸ್ತುಗಳ ಒಂದು ಪಟ್ಟಿ. ಪ್ರತಿಯೊಂದರ ಎದುರಿಗೂ ಒಂದು ಮಿತಿ. ಆ ಮಿತಿಯನ್ನು ಮುಟ್ಟಿದವರು ಅಧಿಕಾರಿಗಳಿಗೆ ತಿಳಿಸಬೇಕು. ಏನೇನು ಅಪಘಾತ ಸಂಭವಿಸಬಹುದು, ಅದನ್ನು ತಡೆಯಲು ಏನೇನು ಮಾಡಿದ್ದೇವೆ ಎಂದು ಸುರಕ್ಷತಾ ವರದಿಯೊಂದನ್ನು ಬರೆದೊಪ್ಪಿಸಬೇಕು. ಗೋಡೆಯ ಒಳಗಿನ ತುರ್ತು ಯೋಜನೆಯನ್ನು ಕಾರ್ಖಾನೆಯವರೂ ಹೊರಗಿನ ಯೋಜನೆಯನ್ನು ಸರ್ಕಾರದ ಅಧಿಕಾರಿಗಳೂ ಸಿದ್ಧಪಡಿಸಿ, ಆಗಾಗ ಅದರಂತೆ ಕವಾಯತು ನಡೆಸಿ ನೋಡಬೇಕು. ಅಪಘಾತವಾದರೆ ಬಾಧೆಗೊಳಗಾಗಬಹುದಾದ ಹೊರಗಿನ ಜನರಿಗೆ ಅಪಾಯದ ಸ್ವರೂಪವನ್ನೂ, ಆ ಸಮಯದಲ್ಲಿ ಮಾಡಬೇಕಾದದ್ದು, ಮಾಡಬಾರದ್ದು ಯಾವುದೆಂಬುದನ್ನೂ ತಿಳಿಸಬೇಕು. ಪಟ್ಟಿಯಲ್ಲಿ ಮಿಥೈಲ್ ಐಸೋಸಯನೇಟಿನ ಎದುರಿಗಿರುವ ಮಿತಿ ೧೫೦ ಕಿಲೋಗ್ರಾಂ. ಭೋಪಾಲದಲ್ಲಿ ಹೊರಬಿದ್ದ ೪೦ ಟನ್ನು ಇದರ ೨೬೦ ಪಟ್ಟಿಗೂ ಮಿಗಿಲು. ಈ ಒಂದು ಅಂಕಿಯ ಹಿಂದೆ ಎಷ್ಟು ಗೋರಿಗಳಿವೆ ಎಂಬುದನ್ನು ನೆನೆದರೆ, ಒಣ ಕೋಷ್ಟಕವೆಂದು ಹಾಳೆ ತಿರುವಲು ಮನಸ್ಸು ಬಾರದು.

ಇತರ ದೇಶಗಳೂ ಭೋಪಾಲದಿಂದ ಕಲಿತುವು. ಅದೇ ಕಂಪೆನಿಗೆ ಅಮೆರಿಕದ ಪಶ್ಚಿಮ ವರ್ಜೀನಿಯದ ಇನ್‌ಸ್ಟಿಟ್ಯೂಟ್ ಎಂಬ ಊರಿನಲ್ಲೂ ಕಾರ್ಖಾನೆಯಿತ್ತು. ೧೯೮೫ರ ಆಗಸ್ಟಿನಲ್ಲಿ ಅಲ್ಲಿಂದ ಬೇರೊಂದು ವಿಷ ಸೋರಿ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಮರುವರ್ಷ ಅಮೆರಿಕ ಮಾಡಿದ ಕಾಯಿದೆಯ ಹೆಸರಿನಲ್ಲೇ ಸಮುದಾಯಕ್ಕೆ ತಿಳಿಯುವ ಹಕ್ಕಿದೆಯೆಂಬ ಮಾತು ಸೇರಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೧೯೯೩ರಲ್ಲಿ ದೊಡ್ಡ ಕೈಗಾರಿಕಾ ಅಪಘಾತಗಳ ತಡೆಗಾಗಿ ಒಡಂಬಡಿಕೆಯೊಂದನ್ನು ರೂಪಿಸಿತು. ಭಾರತ ಅದಕ್ಕೆ ೨೦೦೮ರಲ್ಲಿ ಅನುಮೋದನೆ ಕೊಟ್ಟಿತು.

ನ್ಯಾಯಾಲಯಗಳ ಪಾತ್ರವನ್ನೂ ಇಲ್ಲಿ ನೆನೆಯಬೇಕು. ಭೋಪಾಲಕ್ಕೆ ವರ್ಷ ತುಂಬಿದ ವಾರದಲ್ಲೇ, ೧೯೮೫ನೆಯ ಡಿಸೆಂಬರ್ ೪ರಂದು, ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಮ್ ಎಂಬ ಆಮ್ಲದ ಅನಿಲ ಸೋರಿತು. ಆ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ೧೯೮೬ರ ಡಿಸೆಂಬರಿನಲ್ಲಿ ಹೇಳಿದ ತೀರ್ಪು ಪ್ರಸಿದ್ಧವಾದದ್ದು. ಒಬ್ಬನ ಕೆರೆಯ ನೀರು ನೆರೆಯವನ ಗಣಿಗೆ ನುಗ್ಗಿದ ಪ್ರಕರಣದಲ್ಲಿ ಇಂಗ್ಲೆಂಡಿನ ಪ್ರಭುಸಭೆ ೧೮೬೮ರಲ್ಲಿ ಸ್ಥಿರಪಡಿಸಿದ ಸೂತ್ರ ಅದುವರೆಗೆ ನಮಗೂ ಆಧಾರವಾಗಿತ್ತು. ಅದರಲ್ಲಿ ದೈವಕೃತ, ಪರಕೃತ ಎಂಬ ವಿನಾಯಿತಿಗಳಿದ್ದುವು. ಅಪಾಯಕರ ಉದ್ಯಮವನ್ನು ಲಾಭಕ್ಕಾಗಿ ನಡೆಸುವವನಿಗೆ ಈ ವಿನಾಯಿತಿಗಳು ಸಲ್ಲವು, ಅವನ ಹೊಣೆ ನಿರಪವಾದವಾದದ್ದು ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಸಾರಿತು. ಆದರೆ ಭೋಪಾಲದ ಮೊಕದ್ದಮೆ ಆ ದಾರಿಯಲ್ಲಿ ಕೊನೆಗಾಣಲಿಲ್ಲ. ೧೯೮೯ರ ಫೆಬ್ರವರಿಯಲ್ಲಿ ೪೭ ಕೋಟಿ ಡಾಲರಿಗೆ ರಾಜಿಯಾಯಿತು. ಆ ರಾಜಿಯನ್ನು ಅಂಗೀಕರಿಸಿದ ಐವರ ಪೀಠದಲ್ಲಿ ಕನ್ನಡಿಗರಾದ ಇ.ಎಸ್. ವೆಂಕಟರಾಮಯ್ಯನವರೂ ಎಂ.ಎನ್. ವೆಂಕಟಾಚಲಯ್ಯನವರೂ ಇದ್ದರು. ೧೯೯೧ರ ಪುನರ್ವಿಮರ್ಶೆಯಲ್ಲಿ ಬಹುಮತದ ತೀರ್ಪನ್ನು ಬರೆದವರು ವೆಂಕಟಾಚಲಯ್ಯನವರೇ. ಹಣದ ಮೊತ್ತ ಹಾಗೆಯೇ ಉಳಿಯಿತು. ರಾಜಿಯಲ್ಲಿ ಕೈಬಿಟ್ಟಿದ್ದ ಕ್ರಿಮಿನಲ್ ಮೊಕದ್ದಮೆಗಳಿಗೆ ಮತ್ತೆ ಜೀವ ಬಂತು. ಹೆಚ್ಚಿನ ಪರಿಹಾರ ಬೇಡಿ ಕೇಂದ್ರ ಸರ್ಕಾರ ಸಲ್ಲಿಸಿದ ಕೊನೆಯ ಅರ್ಜಿಯೂ ೨೦೨೩ರ ಮಾರ್ಚಿಯಲ್ಲಿ ವಜಾ ಆಯಿತು. ಕಾರ್ಖಾನೆಯ ಆವರಣದಲ್ಲಿ ಉಳಿದಿದ್ದ ಸುಮಾರು ೩೩೭ ಟನ್ ವಿಷತ್ಯಾಜ್ಯವನ್ನು ಪೀಥಮ್‌ಪುರಕ್ಕೆ ಸಾಗಿಸಿದ್ದು ೨೦೨೫ರ ಜನವರಿಯಲ್ಲಿ, ದುರಂತವಾಗಿ ನಾಲ್ವತ್ತು ವರ್ಷ ಕಳೆದ ಮೇಲೆ. ಹೊಣೆಯನ್ನು ಆಮೇಲೆ ನಿಗದಿಮಾಡುವ ದಾರಿ ಎಷ್ಟು ದೀರ್ಘವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದುದರಿಂದಲೇ ಮುಂಚಿತವಾಗಿ ತಿಳಿಸುವ ನಿಯಮಕ್ಕೆ ಅಷ್ಟು ಬೆಲೆ.

ಈ ನಿಯಮ ಕಾಗದದಿಂದ ಕೇರಿಗೆ ಇಳಿದಿದೆಯೆ? ವಿಶಾಖಪಟ್ಟಣದ ಬಳಿಯ ವೆಂಕಟಾಪುರಂ ಇದಕ್ಕೆ ಉತ್ತರ ಕೊಟ್ಟಿತು. ೨೦೨೦ನೆಯ ಮೇ ೭ರ ನಸುಕಿನಲ್ಲಿ, ಕೊರೋನಾ ನಿರ್ಬಂಧದಿಂದ ವಾರಗಟ್ಟಲೆ ನಿಂತಿದ್ದ ಎಲ್.ಜಿ. ಪಾಲಿಮರ್ಸ್ ಕಾರ್ಖಾನೆಯ ಟ್ಯಾಂಕೊಂದರಲ್ಲಿ ಸ್ಟೈರೀನ್ ಎಂಬ ದ್ರವ ತಾನಾಗಿ ಕಾದು ಆವಿಯಾಗಿ ಹೊರನುಗ್ಗಿತು. ಹನ್ನೆರಡು ಮಂದಿ ಸತ್ತರು. ಓಡುತ್ತಲೇ ರಸ್ತೆಯ ಮೇಲೆ ಕುಸಿದವರ ಚಿತ್ರಗಳನ್ನು ದೇಶವೆಲ್ಲ ಕಂಡಿತು. ರಾಜ್ಯ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ ತಪ್ಪುಗಳನ್ನು ಎಣಿಸುತ್ತ, ಕಾರ್ಖಾನೆಯಲ್ಲಿ ಸೈರನ್ನಿನ ವ್ಯವಸ್ಥೆಯಿದ್ದರೂ ಅದನ್ನು ಮೊಳಗಿಸಲಿಲ್ಲವೆಂದು ಹೇಳಿತು. ಭೋಪಾಲದಲ್ಲಿ ಸೈರನ್ನು ಕೂಗಿ ನಿಂತಿತ್ತು. ಮೂವತ್ತೈದು ವರ್ಷಗಳಾದ ಮೇಲೆ, ಅಷ್ಟೆಲ್ಲ ನಿಯಮಗಳು ಬಂದ ಮೇಲೆ, ಇಲ್ಲಿ ಅದು ಕೂಗಲೇ ಇಲ್ಲ.

ಜನರಿಗೆ ಮೊದಲೇ ಹೇಳಿದರೆ ಸುಮ್ಮನೆ ಗಾಬರಿಯಾಗುತ್ತಾರೆ, ವ್ಯಾಪಾರದ ಗುಟ್ಟು ಹೊರಬೀಳುತ್ತದೆ ಎಂಬ ವಾದವನ್ನು ಉದ್ಯಮದ ಕಡೆಯವರು ಹೂಡುವುದುಂಟು. ಆ ವಾದದಲ್ಲಿ ಹುರುಳೇ ಇಲ್ಲವೆನ್ನಲಾರೆ. ಒಂದು ಪದಾರ್ಥವನ್ನು ತಯಾರಿಸುವ ವಿಧಾನ ಗುಟ್ಟಾಗಿರಬಹುದು. ಅದರಲ್ಲಿ ನೆರೆಯವನಿಗೆ ಆಸಕ್ತಿಯೂ ಇಲ್ಲ. ಆದರೆ ತನ್ನ ಮಗುವಿನ ಉಸಿರನ್ನು ಅದು ಏನು ಮಾಡುತ್ತದೆ ಎಂಬುದು ಯಾರ ವ್ಯಾಪಾರದ ಗುಟ್ಟೂ ಆಗಲಾರದು. ಗಾಬರಿಯ ಮಾತೂ ಅಷ್ಟೆ. ಅಡಿಗೆ ಅನಿಲದ ಸಿಲಿಂಡರನ್ನು ಮನೆಯೊಳಗಿಟ್ಟುಕೊಂಡು ಬಾಳುವ ನಮ್ಮ ಗೃಹಿಣಿಯರು ವಾಸನೆ ಬಂದೊಡನೆ ಕಿಟಕಿ ತೆರೆಯಬೇಕು, ಸ್ವಿಚ್ಚು ಮುಟ್ಟಬಾರದು ಎಂಬುದನ್ನು ಕಲಿತಿಲ್ಲವೆ? ಕಲಿತವರು ಗಾಬರಿಗೊಂಡು ಮನೆ ಬಿಟ್ಟು ಹೋಗಿಲ್ಲ, ಎಚ್ಚರದಿಂದ ಬಾಳುತ್ತಿದ್ದಾರೆ.

ಭಾಷೆಯನ್ನು ಪಾಠಹೇಳಿದವನಾಗಿ ನನಗೆ ಇನ್ನೊಂದು ಮಾತು ಹೇಳಬೇಕೆನಿಸುತ್ತದೆ. ತಿಳಿಸುವುದೆಂದರೇನು? ಇಂಗ್ಲಿಷಿನಲ್ಲಿ ಅಚ್ಚಾದ ಸುರಕ್ಷತಾ ವರದಿಯೊಂದನ್ನು ಕಚೇರಿಯ ಬೀರುವಿನಲ್ಲಿರಿಸಿದರೆ ತಿಳಿಸಿದಂತಾಯಿತೆ? ೧೯೪೮ರ ಕಾರ್ಖಾನೆ ಕಾಯಿದೆ ಈ ವಿಷಯದಲ್ಲಿ ವಿವೇಕವನ್ನು ತೋರಿತ್ತು: ಒಳಗೆ ತೂಗುಹಾಕುವ ಪ್ರಕಟಣೆಗಳು ಇಂಗ್ಲಿಷಿನ ಜತೆಗೆ ಬಹುಪಾಲು ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕೆಂದು ವಿಧಿಸಿತ್ತು. ಆ ವಿವೇಕ ಗೋಡೆಯ ಹೊರಗೂ ಬರಬೇಕು. ಮಿಥೈಲ್ ಐಸೋಸಯನೇಟ್ ಎಂಬ ಹೆಸರನ್ನು ಭೋಪಾಲದ ಹೆಂಗಸರು ಉಚ್ಚರಿಸಲು ಕಲಿಯಬೇಕಾಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಐದಾರು ಸಾಲು: ಈ ವಾಸನೆ ಬಂದರೆ, ಈ ಸದ್ದು ಕೇಳಿದರೆ, ಮುಖಕ್ಕೆ ಒದ್ದೆಬಟ್ಟೆ ಹಿಡಿಯಿರಿ, ಗಾಳಿ ಬೀಸುವ ಕಡೆಗೆ ಓಡಬೇಡಿರಿ, ಇಂಥ ಕಡೆ ಸೇರಿರಿ. ಎಲ್ಲ ಅನಿಲಕ್ಕೂ ಒಂದೇ ಉಪಾಯ ನಡೆಯುವುದಿಲ್ಲ. ಒಂದಕ್ಕೆ ಬಾಗಿಲು ಮುಚ್ಚಿ ಒಳಗಿರುವುದು ಲೇಸು, ಇನ್ನೊಂದಕ್ಕೆ ಮನೆ ಬಿಡುವುದು ಲೇಸು. ಆದುದರಿಂದಲೇ ಅದು ಆಯಾ ಊರಿನ ಮಾತಿನಲ್ಲಿ, ಆಯಾ ಕಾರ್ಖಾನೆಯ ವಸ್ತುವಿಗೆ ತಕ್ಕಂತೆ ಬರೆದದ್ದಾಗಿರಬೇಕು. ಅಂಥ ಐದು ಸಾಲನ್ನು ಅಚ್ಚುಕಟ್ಟಾದ ಕನ್ನಡದಲ್ಲಿ ಬರೆಯುವುದು ಯಾವ ಪ್ರಬಂಧಕ್ಕೂ ಕಡಿಮೆಯಾದ ಕೆಲಸವಲ್ಲ. ನಮ್ಮ ಪಂಡಿತರೂ ಉಪಾಧ್ಯಾಯರೂ ಅದಕ್ಕೆ ಕೈಹಾಕಿದರೆ ಹಗುರಾಗುವುದಿಲ್ಲ.

ಓದುಗರಿಗೆ ಇದರಲ್ಲಿ ಮಾಡಬಹುದಾದದ್ದೂ ಇದೆ. ರಾಸಾಯನಿಕ ಅಪಘಾತಗಳನ್ನು ಎದುರಿಸುವ ಸಿದ್ಧತೆಗಾಗಿ ೧೯೯೬ರಲ್ಲಿ ಬಂದ ಇನ್ನೊಂದು ನಿಯಮಾವಳಿ ಕೇಂದ್ರ, ರಾಜ್ಯ, ಜಿಲ್ಲೆ, ಸ್ಥಳೀಯ ಎಂಬ ನಾಲ್ಕು ಮಟ್ಟಗಳಲ್ಲಿ ಸಮಿತಿಗಳನ್ನು ಗೊತ್ತುಪಡಿಸಿದೆ. ನಿಮ್ಮ ಊರಿನ ಅಂಚಿನಲ್ಲಿ ಅಂಥ ಕಾರ್ಖಾನೆಯೋ ಸಂಗ್ರಹವೋ ಇದ್ದರೆ, ಸ್ಥಳೀಯ ಸಮಿತಿ ಇದೆಯೆ, ಹೊರಗಿನ ತುರ್ತು ಯೋಜನೆ ಎಲ್ಲಿದೆ, ಕವಾಯತು ಕೊನೆಯ ಬಾರಿ ನಡೆದದ್ದು ಯಾವಾಗ, ಜನರಿಗೆ ತಿಳಿಸಿದ್ದು ಯಾವ ಭಾಷೆಯಲ್ಲಿ ಎಂದು ನಗರಸಭೆಯ ಸದಸ್ಯರೊಬ್ಬರು ಕೇಳಿದರೂ ಸಾಕು, ಕಡತ ಕದಲುತ್ತದೆ. ಭೋಪಾಲದಲ್ಲಿ ಸತ್ತವರ ನೆನಪಿಗಾಗಿ ಡಿಸೆಂಬರ್ ೨ನೆಯ ತಾರೀಖನ್ನು ರಾಷ್ಟ್ರೀಯ ಮಾಲಿನ್ಯ ನಿಯಂತ್ರಣ ದಿನವೆಂದು ಆಚರಿಸುತ್ತೇವೆ. ಸಭೆ ನಡೆಯುತ್ತದೆ, ಭಾಷಣಗಳಾಗುತ್ತವೆ. ಆ ದಿನ ಸಭಾಭವನದಿಂದ ಹೊರಟು ಕಾರ್ಖಾನೆಯ ಗೋಡೆಗೆ ಹತ್ತಿದ ಕೇರಿಗೆ ಹೋಗಿ, ಆ ಐದು ಸಾಲನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿಹೇಳಿ, ಸೈರನ್ನನ್ನು ಒಮ್ಮೆ ಕೂಗಿಸಿ, “ಇದು ಕೇಳಿದಾಗ ಏನು ಮಾಡುತ್ತೀರಿ?” ಎಂದು ಅಲ್ಲಿಯ ಮಕ್ಕಳನ್ನೇ ಕೇಳಿ ಬರುವ ಪದ್ಧತಿಯನ್ನು ನಾವೇಕೆ ಹಾಕಿಕೊಳ್ಳಬಾರದು?